ಅಂಗಡಿ ಕ್ಯಾಮೆರಾ ಊರೊಳಗ ಕಾಣತೈತಿ, ಊರು ದಾಟಿದರ ಕಾಣಂಗಿಲ್ಲ: ಬದಲಾಗುವ ಐಪಿ ವಿಳಾಸಕ್ಕೆ ಪರಿಹಾರ ಏನು?

ಸವಣೂರು: ಅಂಗಡಿಯ ವೈ-ಫೈ ಹಿಡಿದು ಗಲ್ಲೆ ಮ್ಯಾಲ ಕುಂತಾಗ ಮೊಬೈಲ್‌ನಲ್ಲಿ ನಾಲ್ಕೂ ಕ್ಯಾಮೆರಾ ಸ್ವಚ್ಛ ಕಾಣತಾವ. ಮಾಲು ತರಾಕ ಹುಬ್ಬಳ್ಳಿಗೆ ಹೋಗಿ ಅದೇ ಆ್ಯಪ್ ತೆರೆದರ ಚಕ್ರ ತಿರುಗತೈತಿ, ಆಮ್ಯಾಲ ಸಂಪರ್ಕ ಸಿಗಲಿಲ್ಲ ಅಂತ ಬರತೈತಿ. ಕ್ಯಾಮೆರಾ ಹಾಕಿದವರಿಗೆ ಫೋನ್ ಮಾಡಿದರ ಬಂದು ಏನೋ ಒತ್ತಿ ಸರಿ ಮಾಡಿ, ವಿಸಿಟ್ ಚಾರ್ಜ್ ತಗೊಂಡು ಹೋಗತಾರ. ನಾಲ್ಕು ದಿನ ಎಲ್ಲಾ ಬರೋಬ್ಬರಿ. ಒಂದು ಸಲ ಕರೆಂಟ್ ಹೋಗಿ ಬಂತಂದ್ರ ಮತ್ತ ಮೊದಲಿನ ಕಥಿ.

ಇದೇ ತೊಂದರೆ ಇನ್ನೊಂದು ಕಡೆನೂ ಐತಿ. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಅಥವಾ ಕಂಪ್ಯೂಟರ್‌ಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಿ, ಮದುವೆ ವಿಡಿಯೊ, ಜಾತ್ರಿ ವಿಡಿಯೊ, ಹಾಡು, ಸಿನಿಮಾ ಎಲ್ಲಾ ತುಂಬಿ, ಟಿವಿಯಲ್ಲೂ ಮೊಬೈಲ್‌ನಲ್ಲೂ ನೋಡುವ ಹುಡುಗರು ಈಗ ಅದಾರ. ಇದಕ್ಕೆ ಮೀಡಿಯಾ ಸರ್ವರ್ ಅಂತಾರ. ಮನೆಯೊಳಗೆ ಚಲೋ ನಡೀತೈತಿ. ಬೆಂಗಳೂರಿನಲ್ಲಿರುವ ಅಣ್ಣ ಅಕ್ಕನ ಮದುವೆ ವಿಡಿಯೊ ಅಲ್ಲಿಂದಲೇ ನೋಡಬೇಕು ಅಂದರ ಬರಂಗಿಲ್ಲ.

ಎರಡರಲ್ಲೂ ಕ್ಯಾಮೆರಾದ ತಪ್ಪಿಲ್ಲ, ಡಿವಿಆರ್‌ನ ತಪ್ಪೂ ಇಲ್ಲ. ತೊಡಕು ಇರೋದು ಐಪಿ ವಿಳಾಸದಲ್ಲಿ. ಅದೇನು, ಯಾಕೆ ಬದಲಾಗತೈತಿ, ಯಾರಿಗೆ ಯಾವ ಪರಿಹಾರ ಹೊಂದತೈತಿ, ರೊಕ್ಕ ಎಲ್ಲಿ ಕೊಡಬೇಕು, ಎಲ್ಲಿ ಕೊಡಬಾರದು ಅನ್ನೋದನ್ನ ಇಲ್ಲಿ ಬಿಡಿಸಿ ಹೇಳಲಾಗಿದೆ.

ಸಂತೆಯ ಜಾಗ ಇದ್ದಂಗ

ಸಂತೆಗೆ ವೀಳ್ಯದೆಲೆ ಮಾರೋಕೆ ಬರೋರನ್ನ ನೆನಪು ಮಾಡಿಕೊಳ್ಳಿ. ಅವರಿಗೆ ಕಾಯಂ ಅಂಗಡಿ ಇಲ್ಲ. ಈ ವಾರ ಬಾವಿ ಕಡೆ ಜಾಗ ಸಿಕ್ಕರೆ ಅಲ್ಲಿ, ಮುಂದಿನ ವಾರ ರಸ್ತೆ ಕಡೆ ಸಿಕ್ಕರೆ ಅಲ್ಲಿ. ಹೋದ ವಾರದ ಜಾಗಕ್ಕೆ ಹೋಗಿ ಹುಡುಕಿದರ ಅಲ್ಲಿ ಉಳ್ಳಾಗಡ್ಡಿ ಮಾರೋರು ಕುಂತಿರತಾರ. ಎಲೆ ಮಾರೋರು ಸಂತೆಯಲ್ಲೇ ಅದಾರ, ಆದರೆ ನಿಮಗೆ ಸಿಗಂಗಿಲ್ಲ.

ನಿಮ್ಮ ಅಂಗಡಿಯ ಇಂಟರ್ನೆಟ್ ಕನೆಕ್ಷನ್ನೂ ಹಂಗ. ನೆಟ್ ಕೊಡುವ ಕಂಪನಿ ನಿಮ್ಮ ರೂಟರ್‌ಗೆ ಒಂದು ನಂಬರ್ ಕೊಡತೈತಿ. ಅದೇ ಐಪಿ ವಿಳಾಸ. ನಾಲ್ಕು ಅಂಕಿ, ನಡುವೆ ಚುಕ್ಕಿ ಇರತೈತಿ. ಹೊರಗಿನಿಂದ ನಿಮ್ಮ ಡಿವಿಆರ್ ಹುಡುಕಿಕೊಂಡು ಬರುವವರಿಗೆ ಈ ನಂಬರ್ ಗೊತ್ತಿರಬೇಕು. ಆದರೆ ಇದು ಕಾಯಂ ಅಲ್ಲ. ರೂಟರ್ ಆಫ್ ಆಗಿ ಆನ್ ಆದಾಗ, ಲೈನ್ ಕಟ್ ಆಗಿ ಕೂಡಿದಾಗ, ಕೆಲವೊಮ್ಮೆ ಕಂಪನಿಯವರ ಅವಧಿ ಮುಗಿದಾಗ ಬೇರೆ ನಂಬರ್ ಬರತೈತಿ. ಕರೆಂಟ್ ಹೋಗಿ ಬಂದ ಮೇಲೆ ಕ್ಯಾಮೆರಾ ಕಾಣದೇ ಇರೋದಕ್ಕೆ ಇದೇ ಕಾರಣ. ಮೊಬೈಲ್ ಆ್ಯಪ್‌ನಲ್ಲಿ ಹಳೇ ನಂಬರ್ ಕುಂತೈತಿ, ರೂಟರ್ ಹೊಸ ನಂಬರ್‌ಗೆ ಹೋಗೈತಿ.

ಇನ್ನೊಂದು ಮಾತು ತಿಳಕೊಳ್ಳಬೇಕು. ಅಂಗಡಿಯೊಳಗೆ ಡಿವಿಆರ್‌ಗೆ, ಟಿವಿಗೆ, ಮೊಬೈಲ್‌ಗೆ ರೂಟರ್ ತಾನೇ ಬೇರೆ ನಂಬರ್ ಹಂಚತೈತಿ. ಅವು ಹೆಚ್ಚಾಗಿ 192.168 ಅಂತ ಶುರು ಆಗತಾವ. ಇವು ಲಾಡ್ಜಿನ ರೂಮ್ ನಂಬರ್ ಇದ್ದಂಗ. 5ನೇ ನಂಬರ್ ರೂಮ್ ಪ್ರತಿ ಲಾಡ್ಜಿನಲ್ಲೂ ಇರತೈತಿ, ಲಾಡ್ಜಿನ ಒಳಗೆ ಮಾತ್ರ ಅದಕ್ಕೆ ಅರ್ಥ. ವೈ-ಫೈ ಹಿಡಿದಾಗ ಕ್ಯಾಮೆರಾ ಕಾಣೋದು ಈ ಒಳಗಿನ ನಂಬರ್‌ನಿಂದ. ಊರು ದಾಟಿದ ಮೇಲೆ ಅದು ಉಪಯೋಗಕ್ಕಿಲ್ಲ.

ಎಲ್ಲರಿಗೂ ಕಾಯಂ ನಂಬರ್ ಯಾಕೆ ಕೊಡಂಗಿಲ್ಲ?

ಕಾರಣ ಸರಳ: ನಂಬರ್ ಸಾಕಾಗಂಗಿಲ್ಲ. ಹಳೇ ಪದ್ಧತಿಯ ಐಪಿ ವಿಳಾಸಗಳು ಇಡೀ ಜಗತ್ತಿಗೆ ಸುಮಾರು 429 ಕೋಟಿ ಮಾತ್ರ. ಇದಕ್ಕೆ ಐಪಿವಿ4 ಅಂತಾರ. ಒಬ್ಬೊಬ್ಬರ ಮನೆಯಲ್ಲಿ ಎರಡು ಮೂರು ಫೋನ್ ಇರುವ ಕಾಲದಲ್ಲಿ ಇದು ಎಲ್ಲಿ ಸಾಕು? 2011ರ ಫೆಬ್ರುವರಿಯಲ್ಲೇ ಜಗತ್ತಿನ ಮೂಲ ದಾಸ್ತಾನು ಖಾಲಿ ಆಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಹಂಚುವ ಸಂಸ್ಥೆಯೂ ಕೊನೆಯ ಗಂಟು ಬಿಚ್ಚಿತು.

ಅದಕ್ಕೇ ಕಂಪನಿಗಳು ಎರಡು ಉಪಾಯ ಮಾಡಿದವು. ಒಂದು, ನಂಬರ್ ಕಾಯಂ ಕೊಡದೆ ತಿರುಗಿಸಿ ತಿರುಗಿಸಿ ಕೊಡೋದು. ಎರಡನೆಯದು ಇನ್ನೂ ಬಿಗಿ: ನೂರಾರು ಗ್ರಾಹಕರಿಗೆ ಸೇರಿಸಿ ಒಂದೇ ಹೊರಗಿನ ನಂಬರ್ ಕೊಡೋದು. ಇದಕ್ಕೆ ಸಿಜಿನ್ಯಾಟ್ ಅಂತಾರ. ದೊಡ್ಡ ಗೋದಾಮಿನಲ್ಲಿ ನೂರು ವ್ಯಾಪಾರಿಗಳು ಮಾಲು ಇಟ್ಟಾರ, ಬಾಗಿಲು ಒಂದೇ. ಒಳಗಿನವರು ಹೊರಗೆ ಹೋಗಿ ಬರಬಹುದು. ಹೊರಗಿನವರು ಬಂದು ಮಾಲು ಕೊಡ್ರಿ ಅಂದರ ಯಾರ ಮಾಲು ಅಂತ ಬಾಗಿಲು ಕಾಯೋನಿಗೆ ಗೊತ್ತಾಗಂಗಿಲ್ಲ, ಹೊಳ್ಳಿ ಕಳಿಸತಾನ. ಸಿಮ್ ಹಾಕಿದ 4ಜಿ, 5ಜಿ ರೂಟರ್‌ಗಳಲ್ಲಿ ಬಹುತೇಕ ಹಿಂಗೇ ಇರತೈತಿ. ಫೈಬರ್ ಕನೆಕ್ಷನ್‌ಗಳಲ್ಲೂ ಈಗ ಇದು ಸಾಮಾನ್ಯ.

ನಿಮ್ಮದು ಮೊದಲನೇ ತರದ್ದೋ ಎರಡನೇ ತರದ್ದೋ ಅನ್ನೋದರ ಮೇಲೆ ಪರಿಹಾರ ನಿಂತೈತಿ. ಅದನ್ನ ನೋಡದೆ ರೊಕ್ಕ ಖರ್ಚು ಮಾಡಬ್ಯಾಡ್ರಿ.

ಮೊದಲು ಎರಡು ನಿಮಿಷದ ಪರೀಕ್ಷೆ

1. ಮೊಬೈಲ್ ಡೇಟಾ ಆಫ್ ಮಾಡಿ, ಅಂಗಡಿಯ ವೈ-ಫೈ ಹಿಡಿಯಿರಿ. ಫೋನಿನಲ್ಲಿ ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ.

2. ಬ್ರೌಸರ್‌ನಲ್ಲಿ ರೂಟರ್ ಪುಟ ತೆರೆಯಿರಿ. ಹೆಚ್ಚಿನ ರೂಟರ್‌ಗೆ ವಿಳಾಸ 192.168.1.1. ಜಿಯೊ ಫೈಬರ್ ಬಾಕ್ಸ್‌ಗೆ 192.168.29.1. ಲಾಗಿನ್ ಹೆಸರು, ಪಾಸ್‌ವರ್ಡ್ ಬಾಕ್ಸಿನ ಕೆಳಗಿನ ಚೀಟಿಯಲ್ಲಿ ಇರತೈತಿ, ಇಲ್ಲದಿದ್ದರೆ ಲೈನ್ ಕೊಟ್ಟವರನ್ನ ಕೇಳಿ.

3. ಸ್ಟೇಟಸ್ ಅನ್ನೋ ಪುಟದಲ್ಲಿ ವ್ಯಾನ್ ಐಪಿ ಅಂತ ಇರೋ ನಂಬರ್ ಬರೆದುಕೊಳ್ಳಿ.

4. ಈಗ ಗೂಗಲ್‌ನಲ್ಲಿ ನನ್ನ ಐಪಿ ಯಾವುದು ಅಂತ ಇಂಗ್ಲಿಷ್‌ನಲ್ಲಿ ಹುಡುಕಿ. ಅದನ್ನ ತೋರಿಸುವ ಪುಟಗಳು ಬೇಕಾದಷ್ಟು ಅದಾವ. ನಡುವೆ ಚುಕ್ಕಿ ಇರುವ ನಂಬರ್ ನೋಡಬೇಕು. ಎರಡೆರಡು ಚುಕ್ಕಿಯ ಉದ್ದನೆಯ ನಂಬರ್ ಬಂದರೆ ಅದು ಬೇರೆ, ಅದರ ಮಾತು ಮುಂದೆ ಐತಿ.

ಎರಡೂ ನಂಬರ್ ಒಂದೇ ಇದ್ದರೆ ನಿಮ್ಮದು ಸ್ವಂತ ಹೊರಗಿನ ನಂಬರ್, ಬರೀ ಬದಲಾಗತೈತಿ ಅಷ್ಟ. ಇದು ಒಳ್ಳೆ ಸುದ್ದಿ.

ಎರಡೂ ಬೇರೆ ಇದ್ದು, ರೂಟರ್‌ನಲ್ಲಿನ ನಂಬರ್ 100ರಿಂದ ಶುರುವಾಗಿ ಎರಡನೇ ಅಂಕಿ 64ರಿಂದ 127ರೊಳಗೆ ಇದ್ದರೆ ನೀವು ಸಿಜಿನ್ಯಾಟ್ ಗೋದಾಮಿನೊಳಗೆ ಇದ್ದೀರಿ. ಇದಕ್ಕಂತಲೇ 2012ರಲ್ಲಿ ಈ ನಂಬರ್‌ಗಳನ್ನ ಮೀಸಲಿಟ್ಟರು. 10ರಿಂದ ಶುರು ಆಗಿದ್ದರೂ ಬಹುತೇಕ ಇದೇ ಅರ್ಥ.

ರೂಟರ್‌ನಲ್ಲಿ 192.168 ಅಂತಲೇ ಇದ್ದರೆ ನಿಮ್ಮಲ್ಲಿ ಒಂದರ ಹಿಂದೆ ಒಂದು ಎರಡು ರೂಟರ್ ಅದಾವ ಅಂತ ಅರ್ಥ. ಫೈಬರ್ ಬಾಕ್ಸ್ ಒಂದು, ನೀವು ತಂದು ಹಾಕಿದ್ದು ಇನ್ನೊಂದು. ಫೈಬರ್ ಬಾಕ್ಸಿನ ಪುಟ ತೆರೆದು ಅಲ್ಲಿ ಪರೀಕ್ಷೆ ಮಾಡಿ.

ನಂಬರ್ ಸ್ವಂತದ್ದು, ಆದರೆ ಬದಲಾಗತೈತಿ: ಡಿಡಿಎನ್ಎಸ್

ಸಂತೆಯ ಬಾಯಿಯಲ್ಲಿ ಒಬ್ಬ ಚಹಾದವನು ಅದಾನ ಅಂದುಕೊಳ್ಳಿ. ಎಲೆ ಮಾರೋರು ಪ್ರತಿ ವಾರ ಬಂದ ಕೂಡಲೇ ಅವನಿಗೆ ಇವತ್ತು ಇಂಥಲ್ಲಿ ಕುಂತೀನಿ ಅಂತ ಹೇಳಿ ಹೋಗತಾರ. ನೀವು ಜಾಗ ನೆನಪಿಡೋದು ಬ್ಯಾಡ, ಚಹಾದವನನ್ನ ಕೇಳಿದರೆ ಸಾಕು. ಡಿಡಿಎನ್ಎಸ್ ಅಂದರ ಇಷ್ಟ. ನಿಮಗೆ ಒಂದು ಕಾಯಂ ಹೆಸರು ಸಿಗತೈತಿ. ನಿಮ್ಮ ರೂಟರ್ ಅಥವಾ ಡಿವಿಆರ್ ನಂಬರ್ ಬದಲಾದಾಗೆಲ್ಲ ಆ ಸೇವೆಗೆ ತಿಳಿಸತೈತಿ. ಮೊಬೈಲ್ ಆ್ಯಪ್‌ನಲ್ಲಿ ನಂಬರ್ ಬದಲು ಹೆಸರು ಹಾಕಿದರೆ ಮುಗೀತು.

ಮಾಡುವ ಕ್ರಮ ಹಿಂಗೈತಿ:

ಮೊದಲನೇದು, ಹೆಸರು ತಗೊಳ್ಳೋದು. ನೋ-ಐಪಿ, ಡಕ್ ಡಿಎನ್ಎಸ್ ಎರಡೂ ಪುಕ್ಕಟೆ ಸಿಗತಾವ. ನೋ-ಐಪಿಯ ಪುಕ್ಕಟೆ ಹೆಸರನ್ನ 30 ದಿನಕ್ಕೊಮ್ಮೆ ಇಮೇಲ್‌ನಲ್ಲಿ ಬರುವ ಲಿಂಕ್ ಒತ್ತಿ ಖಾತ್ರಿ ಮಾಡಬೇಕು, ಇಲ್ಲದಿದ್ದರೆ ಹೆಸರು ಹೋಗತೈತಿ. ಡಕ್ ಡಿಎನ್ಎಸ್‌ನಲ್ಲಿ ಒಬ್ಬರಿಗೆ ಐದು ಹೆಸರು ಸಿಗತಾವ. ಹಳೇ ಡಿವಿಆರ್‌ಗಳ ಪಟ್ಟಿಯಲ್ಲಿ ಡಿನ್‌ಡಿಎನ್ಎಸ್ ಅಂತ ಮೊದಲಿಗೇ ಇರತೈತಿ. ಅದರ ಪುಕ್ಕಟೆ ಸೇವೆ 2014ರಲ್ಲೇ ನಿಂತೈತಿ, ಅದರ ಹಿಂದೆ ಬಿದ್ದು ವ್ಯಾಳ್ಯಾ ಕಳೀಬ್ಯಾಡ್ರಿ.

ಎರಡನೇದು, ಆ ಹೆಸರು ಮತ್ತು ಪಾಸ್‌ವರ್ಡ್ ಅನ್ನು ರೂಟರ್‌ನ ಅಥವಾ ಡಿವಿಆರ್‌ನ ಡಿಡಿಎನ್ಎಸ್ ಪುಟದಲ್ಲಿ ಹಾಕಬೇಕು. ಎರಡರಲ್ಲಿ ಒಂದು ಕಡೆ ಸಾಕು. ಎರಡರಲ್ಲೂ ಆಯ್ಕೆ ಇಲ್ಲದಿದ್ದರೆ, ಸದಾ ಆನ್ ಇರುವ ಕಂಪ್ಯೂಟರ್‌ನಲ್ಲಿ ಅದೇ ಸೇವೆಯ ಸಣ್ಣ ಪ್ರೋಗ್ರಾಂ ಹಾಕಿದರೂ ನಡೀತೈತಿ.

ಮೂರನೇದು, ಒಳಗಿನ ನಂಬರ್ ಕಟ್ಟಿಹಾಕೋದು. ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಡಿವಿಆರ್‌ಗೆ ಒಂದೇ ಒಳಗಿನ ನಂಬರ್ ಕಾಯಂ ಮಾಡಬೇಕು. ಬಹಳ ಮಂದಿ ಇದನ್ನ ಬಿಡತಾರ. ಆಮೇಲೆ ಹೊರಗಿನ ಹೆಸರು ಸರಿ ಇದ್ದರೂ ಒಳಗೆ ಬಂದ ಕರೆ ಡಿವಿಆರ್ ಬದಲು ಟಿವಿಗೆ ಹೋಗತೈತಿ.

ನಾಲ್ಕನೇದು, ಪೋರ್ಟ್ ಫಾರ್ವರ್ಡ್. ಹೊರಗಿನಿಂದ ಇಂಥ ಬಾಗಿಲಿಗೆ ಬಂದವರನ್ನ ಇಂಥ ಯಂತ್ರಕ್ಕೆ ಕಳಿಸು ಅಂತ ರೂಟರ್‌ಗೆ ಹೇಳೋದು. ಹಿಕ್‌ವಿಷನ್ ಡಿವಿಆರ್‌ಗಳಿಗೆ ಮಾಮೂಲಿ ಪೋರ್ಟ್ 8000, ದಾಹುವಾ ಮಾದರಿಯವಕ್ಕೆ 37777. ಮೀಡಿಯಾ ಸರ್ವರ್ ಆದರೆ ಜೆಲ್ಲಿಫಿನ್‌ಗೆ 8096, ಪ್ಲೆಕ್ಸ್‌ಗೆ 32400.

ಐದನೇದು, ಪರೀಕ್ಷೆ. ಇದನ್ನ ಅಂಗಡಿಯ ವೈ-ಫೈನಲ್ಲಿ ಮಾಡಬ್ಯಾಡ್ರಿ. ಕೆಲವು ರೂಟರ್ ಒಳಗೇ ಕುಂತು ಹೊರಗಿನ ಹೆಸರಿನಿಂದ ಕರೆದರೆ ಓಗೊಡಂಗಿಲ್ಲ, ಎಲ್ಲಾ ಸರಿ ಇದ್ದರೂ ಕೆಟ್ಟೈತಿ ಅನಿಸತೈತಿ. ವೈ-ಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಆಮೇಲೆ ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಐದು ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಕಂಡರೆ ಕೆಲಸ ಆದಂಗ.

ಆದರೆ ಈ ನಾಲ್ಕನೇ ಹೆಜ್ಜೆಯಲ್ಲಿ ಒಂದು ಅಪಾಯ ಐತಿ. ಮುಂದೆ ಓದದೆ ಪೋರ್ಟ್ ತೆರೀಬ್ಯಾಡ್ರಿ.

ಸಿಜಿನ್ಯಾಟ್ ಇದ್ದರೆ ಡಿಡಿಎನ್ಎಸ್‌ಗೆ ರೊಕ್ಕ ಕೊಡಬ್ಯಾಡ್ರಿ

ಇಲ್ಲೇ ಬಹಳ ಮಂದಿ ಮೋಸ ಹೋಗೋದು. ಸಿಜಿನ್ಯಾಟ್ ಇದ್ದಲ್ಲಿ ಡಿಡಿಎನ್ಎಸ್ ಹಾಕಿದರೆ ಚಹಾದವನು ಗೋದಾಮಿನ ವಿಳಾಸ ಸರಿಯಾಗೇ ಹೇಳತಾನ, ಆದರೆ ಗೋದಾಮಿನ ಬಾಗಿಲಿಂದ ಒಳಗೆ ಬಿಡಂಗಿಲ್ಲ. ನಿಮ್ಮ ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಉಪಯೋಗ ಇಲ್ಲ, ಯಾಕಂದ್ರ ಮುಚ್ಚಿದ ಬಾಗಿಲು ಕಂಪನಿಯ ಕಡೆ ಐತಿ. ಯಾರಾದರೂ ಡಿಡಿಎನ್ಎಸ್ ಮಾಡಿಕೊಡತೀನಿ ಇಷ್ಟು ಕೊಡ್ರಿ ಅಂದರೆ ಮೊದಲು ಮೇಲಿನ ಪರೀಕ್ಷೆ ಮಾಡಿ ತೋರಿಸ್ರಿ ಅನ್ನಿ.

ಇಂಥವರಿಗೆ ನಾಲ್ಕು ದಾರಿ ಅದಾವ.

ದಾರಿ 1: ಡಿವಿಆರ್ ಕಂಪನಿಯ ಆ್ಯಪ್. ಡಿವಿಆರ್‌ನ ಪರದೆಯಲ್ಲಿ ಕ್ಯೂಆರ್ ಕೋಡ್ ಬರತೈತಿ, ಅದನ್ನ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡೋದು. ಇದಕ್ಕೆ ಪಿ2ಪಿ ಅಥವಾ ಕ್ಲೌಡ್ ಅಂತಾರ. ಇಲ್ಲಿ ಹೊರಗಿನವರು ಒಳಗೆ ಬರೋದು ಬ್ಯಾಡ. ಡಿವಿಆರ್ ತಾನೇ ಹೊರಗೆ ಹೋಗಿ ಕಂಪನಿಯ ಸರ್ವರ್ ಹತ್ತಿರ ಕುಂತಿರತೈತಿ, ನಿಮ್ಮ ಮೊಬೈಲೂ ಅಲ್ಲಿಗೆ ಹೋಗತೈತಿ, ಅಲ್ಲಿ ಇಬ್ಬರ ಭೇಟಿ. ಐಪಿ ಎಷ್ಟು ಸಲ ಬದಲಾದರೂ ತೊಂದರೆ ಇಲ್ಲ, ಪೋರ್ಟ್ ತೆರೆಯೋದೂ ಬ್ಯಾಡ. ಸಣ್ಣ ಅಂಗಡಿಗೆ ಇದು ಸಾಕು.

ಆದರೆ ಒಂದು ಎಚ್ಚರ. ಕ್ಯಾಮೆರಾ ಹಾಕಿದವರು ಅವಸರಕ್ಕೆ ತಮ್ಮದೇ ಮೊಬೈಲ್ ನಂಬರಿನ ಖಾತೆಗೆ ಡಿವಿಆರ್ ಸೇರಿಸಿ, ನಿಮಗೆ ಬರೀ ಹಂಚಿಕೆ ಕೊಟ್ಟಿರಬಹುದು. ಆಗ ನಿಮ್ಮ ಅಂಗಡಿಯ ಮಾಲೀಕತ್ವ ಅವರ ಫೋನಿನಲ್ಲಿ ಇದ್ದಂಗ. ಕೆಲವು ಆ್ಯಪ್‌ಗಳಲ್ಲಿ ಒಂದು ಡಿವಿಆರ್ ಒಂದೇ ಖಾತೆಗೆ ಸೇರತೈತಿ. ನಾಳೆ ಅವರು ನಂಬರ್ ಬದಲಿಸಿದರೆ, ಊರು ಬಿಟ್ಟರೆ ನಿಮಗೆ ಬಿಡಿಸಿಕೊಳ್ಳೋದು ತ್ರಾಸು. ಮೊದಲ ದಿನವೇ ನಿಮ್ಮ ನಂಬರಿನ ಖಾತೆಗೇ ಸೇರಿಸಿಕೊಳ್ಳಿ.

ದಾರಿ 2: ಟೇಲ್‌ಸ್ಕೇಲ್. ಮನೆಯ ಮೀಡಿಯಾ ಸರ್ವರ್‌ಗೆ ಇದೇ ಬೆಸ್ಟ್. ಇದು ಖಾಸಗಿ ಸುರಂಗ ಇದ್ದಂಗ. ಮನೆಯ ಲ್ಯಾಪ್‌ಟಾಪ್‌ನಲ್ಲೂ ನಿಮ್ಮ ಮೊಬೈಲ್‌ನಲ್ಲೂ ಈ ಪ್ರೋಗ್ರಾಂ ಹಾಕಿ ಒಂದೇ ಗೂಗಲ್ ಖಾತೆಯಿಂದ ಲಾಗಿನ್ ಆದರೆ ಎರಡೂ ಒಂದೇ ಮನೆಯಲ್ಲಿ ಇದ್ದಂಗ ಮಾತಾಡತಾವ. ಒಳಗೆ ವೈರ್‌ಗಾರ್ಡ್ ಅನ್ನೋ ಗಟ್ಟಿ ಬೀಗದ ತಂತ್ರ ಐತಿ. ಮನೆಬಳಕೆಗೆ ಪುಕ್ಕಟೆ ಯೋಜನೆ ಐತಿ.

ಪ್ರತಿ ಯಂತ್ರಕ್ಕೆ 100ರಿಂದ ಶುರುವಾಗುವ ಒಂದು ನಂಬರ್ ಸಿಗತೈತಿ, ಅದು ಬದಲಾಗಂಗಿಲ್ಲ. ಸಿಜಿನ್ಯಾಟ್‌ನ 100 ನೋಡಿ ಇದನ್ನ ನೋಡಿ ಗಲಿಬಿಲಿ ಆಗಬ್ಯಾಡ್ರಿ, ಅದು ಬೇರೆ ಇದು ಬೇರೆ. ಬೆಂಗಳೂರಿನಲ್ಲಿ ಕುಂತು ಬ್ರೌಸರ್‌ನಲ್ಲಿ ಆ ನಂಬರ್, ಮುಂದೆ ಎರಡು ಚುಕ್ಕಿ ಮತ್ತು 8096 ಹಾಕಿದರೆ ಸವಣೂರಿನ ಜೆಲ್ಲಿಫಿನ್ ತೆರೀತೈತಿ.

ಒಂದು ಸೆಟ್ಟಿಂಗ್ ಮರೀಬಾರದು. ಟೇಲ್‌ಸ್ಕೇಲ್‌ನ ಲಾಗಿನ್ ಮಾಮೂಲಿಯಾಗಿ 180 ದಿನಕ್ಕೆ ಮುಗೀತೈತಿ. ಮನೆಯ ಸರ್ವರ್‌ಗೆ ಮಾತ್ರ ಆ ಅವಧಿಯನ್ನ ಅದರ ವೆಬ್ ಪುಟದಲ್ಲಿ ಬಂದ್ ಮಾಡಿ ಇಡಿ. ಇಲ್ಲದಿದ್ದರೆ ಆರು ತಿಂಗಳ ನಂತರ ಒಂದು ದಿನ ತಾನಾಗೇ ನಿಂತು, ಕಾರಣ ಗೊತ್ತಾಗದೆ ತಲೆ ಕೆರಕೊಳ್ಳಬೇಕಾಗತೈತಿ.

ಡಿವಿಆರ್ ಒಳಗೆ ಟೇಲ್‌ಸ್ಕೇಲ್ ಹಾಕೋಕೆ ಬರಂಗಿಲ್ಲ. ಆದರೆ ಅಂಗಡಿಯಲ್ಲಿ ಸದಾ ಆನ್ ಇರುವ ಒಂದು ಹಳೇ ಕಂಪ್ಯೂಟರ್ ಅಥವಾ ಅಂಗೈ ಅಗಲದ ರಾಸ್ಪ್‌ಬೆರಿ ಪೈ ಇದ್ದರೆ, ಅದನ್ನೇ ದಾರಿ ತೋರಿಸುವ ಯಂತ್ರ ಮಾಡಬಹುದು. ಸಬ್‌ನೆಟ್ ರೂಟರ್ ಅಂತ ಅದರ ಹೆಸರು. ಆಗ ಡಿವಿಆರ್‌ನ ಒಳಗಿನ ನಂಬರ್‌ನಿಂದಲೇ ಹೊರಗಿಂದ ನೋಡಬಹುದು. ಹಿಂಗೆ ಮಾಡುವಾಗ ಅಂಗಡಿಯ ರೂಟರ್‌ನ ನಂಬರ್ ಸಾಲನ್ನ 192.168.1 ಬಿಟ್ಟು ಬೇರೆ ಇಡಿ, 192.168.57 ಅಂತ ಏನಾದರೂ. ಮನೆಯ ವೈ-ಫೈನೂ 192.168.1 ಇದ್ದರೆ ಫೋನಿಗೆ ಯಾವ ಕಡೆ ಹೋಗಬೇಕು ಅನ್ನೋದೇ ತಿಳಿಯಂಗಿಲ್ಲ.

ದಾರಿ 3: ಐಪಿವಿ6. ಪರೀಕ್ಷೆಯಲ್ಲಿ ಉದ್ದನೆಯ ನಂಬರ್ ಬಂದರೆ ಅದು ಐಪಿವಿ6. ಇದರಲ್ಲಿ ನಂಬರ್‌ಗೆ ಬರ ಇಲ್ಲ. 34ರ ಮುಂದೆ 37 ಸೊನ್ನೆ ಹಾಕಿದಷ್ಟು ಅದಾವ. ನಮ್ಮ ದೇಶ ಇದರ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿ ಐತಿ, ಜಿಯೊದಂಥ ಕಂಪನಿಗಳು ಇದನ್ನ ಎಲ್ಲರಿಗೂ ಕೊಡತಾವ. ಮನೆಯ ಪ್ರತಿ ಯಂತ್ರಕ್ಕೂ ಸ್ವಂತ ಹೊರಗಿನ ನಂಬರ್ ಸಿಗೋದರಿಂದ ಸಿಜಿನ್ಯಾಟ್ ಅಡ್ಡ ಬರಂಗಿಲ್ಲ. ಆದರೆ ಮೂರು ತೊಡಕು: ಡಿವಿಆರ್ ಇದನ್ನ ಒಪ್ಪಬೇಕು, ನೋಡುವ ಕಡೆಯ ನೆಟ್‌ನಲ್ಲೂ ಐಪಿವಿ6 ಇರಬೇಕು, ಮತ್ತು ಈ ನಂಬರ್‌ನ ಮುಂಭಾಗವೂ ಬದಲಾಗಬಹುದು, ಹಂಗಾಗಿ ಇದಕ್ಕೂ ಡಿಡಿಎನ್ಎಸ್ ಬೇಕು. ರೂಟರ್‌ನ ಫೈರ್‌ವಾಲ್‌ನಲ್ಲಿ ದಾರಿ ಬಿಡಬೇಕು. ಕಂಪ್ಯೂಟರ್ ಕೆಲಸ ಗೊತ್ತಿದ್ದವರು ಪ್ರಯತ್ನಿಸಬಹುದು.

ದಾರಿ 4: ಸ್ಟ್ಯಾಟಿಕ್ ಐಪಿ. ಕಾಯಂ ಅಂಗಡಿ ಬಾಡಿಗೆ ಹಿಡಿದಂಗ. ನೆಟ್ ಕಂಪನಿಗೆ ಪ್ರತ್ಯೇಕ ರೊಕ್ಕ ಕೊಟ್ಟು ಒಂದೇ ನಂಬರ್ ತಗೊಳ್ಳೋದು. ಎಷ್ಟೋ ಸಲ ವ್ಯಾಪಾರಿ ಪ್ಲಾನ್‌ಗೆ ಮಾತ್ರ ಕೊಡತಾರ. ಎರಡು ಮೂರು ಶಾಖೆ ಇದ್ದು ಬಿಲ್ಲಿಂಗ್ ಸಾಫ್ಟ್‌ವೇರ್ ಒಂದೇ ಕಡೆಯಿಂದ ನಡೆಸೋರಿಗೆ ಇದು ಸರಿ. ಬರೀ ನಾಲ್ಕು ಕ್ಯಾಮೆರಾ ನೋಡೋಕೆ ಇಷ್ಟು ಖರ್ಚು ಬೇಕಾಗಿಲ್ಲ.

ಬಾಗಿಲು ತೆರೆದ ಮೇಲೆ ಕಳ್ಳರೂ ಬರತಾರ

ಅಂಗಡಿ ಕ್ಯಾಮೆರಾವನ್ನ ಯಾರು ನೋಡತಾರ ಬಿಡ್ರಿ ಅನ್ನೋರು ಎರಡು ಘಟನೆ ತಿಳಕೊಳ್ಳಬೇಕು.

2016ರಲ್ಲಿ ಮಿರಾಯ್ ಅನ್ನೋ ದುಷ್ಟ ಪ್ರೋಗ್ರಾಂ ಜಗತ್ತಿನಾದ್ಯಂತ ಹರಡಿತು. ಅದು ಮಾಡಿದ್ದು ಇಷ್ಟೇ: ಇಂಟರ್ನೆಟ್‌ಗೆ ತೆರೆದ ಡಿವಿಆರ್, ಕ್ಯಾಮೆರಾ, ರೂಟರ್‌ಗಳ ಬಾಗಿಲು ಬಡಿದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನ ಒಂದಾದ ಮೇಲೊಂದು ಹಾಕಿ ನೋಡಿತು. ಪಾಸ್‌ವರ್ಡ್ ಬದಲಿಸದ ಲಕ್ಷಾಂತರ ಯಂತ್ರಗಳು ಅದರ ಕೈಗೆ ಸಿಕ್ಕವು. ಅಕ್ಟೋಬರ್ 21ರಂದು ಅವೆಲ್ಲವನ್ನೂ ಸೇರಿಸಿ ಅಮೆರಿಕದ ಡಿನ್ ಅನ್ನೋ ಕಂಪನಿಯ ಮೇಲೆ ದಾಳಿ ಮಾಡಿದರು. ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ತಾಸುಗಟ್ಟಲೆ ನಿಂತವು. ಈ ಡಿನ್ ಬೇರೆ ಯಾರೂ ಅಲ್ಲ, ಮೇಲೆ ಹೇಳಿದ ಡಿನ್‌ಡಿಎನ್ಎಸ್ ಸೇವೆ ಕೊಟ್ಟ ಕಂಪನಿಯೇ. ಡಿವಿಆರ್‌ಗಳಿಗೆ ಹೆಸರು ಕೊಟ್ಟವರ ಮೇಲೆಯೇ ಡಿವಿಆರ್‌ಗಳು ತಿರುಗಿ ಬಿದ್ದಂಗ ಆತು.

ಇನ್ನೊಂದು ನಮ್ಮ ದೇಶದ್ದೇ. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾ ದೃಶ್ಯಗಳು, ಹೆಣ್ಣುಮಕ್ಕಳ ತಪಾಸಣೆಯ ದೃಶ್ಯಗಳು, ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಇದ್ದದ್ದು ಬಯಲಾಯಿತು. ಬದಲಿಸದೇ ಬಿಟ್ಟ ಸುಲಭ ಪಾಸ್‌ವರ್ಡ್‌ನಿಂದ ಒಳಗೆ ಹೊಕ್ಕಿದ್ದರು ಅಂತ ವರದಿ ಆಯಿತು. ಸೀರೆ ಅಂಗಡಿ, ಬ್ಯೂಟಿ ಪಾರ್ಲರ್, ಟೇಲರ್ ಅಂಗಡಿ, ದವಾಖಾನೆ ನಡೆಸೋರು ಇದನ್ನ ಮನಸ್ಸಿಗೆ ತಗೋಬೇಕು. ಅಲ್ಲಿ ನಿಮ್ಮ ಮರ್ಯಾದೆ ಮಾತ್ರ ಅಲ್ಲ, ನಿಮ್ಮನ್ನ ನಂಬಿ ಬಂದವರ ಮರ್ಯಾದೆ ಐತಿ. ಒಬ್ಬರ ಖಾಸಗಿ ಅಂಗಗಳ ಚಿತ್ರವನ್ನ ಒಪ್ಪಿಗೆ ಇಲ್ಲದೆ ತೆಗೆಯೋದು, ಹಂಚೋದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಹಂಗಾಗಿ ಇಷ್ಟು ಮಾಡಲೇಬೇಕು:

* ಡಿವಿಆರ್, ರೂಟರ್ ಎರಡರ ಪಾಸ್‌ವರ್ಡ್ ಬದಲಿಸಿ. ಅಂಗಡಿ ಹೆಸರು, ಫೋನ್ ನಂಬರ್, 12345 ಬ್ಯಾಡ. ಡೈರಿಯಲ್ಲಿ ಬರೆದು ಮನೆಯಲ್ಲಿ ಇಡಿ, ಡಿವಿಆರ್ ಮೇಲೆ ಚೀಟಿ ಅಂಟಿಸಬ್ಯಾಡ್ರಿ.
* ವರ್ಷಕ್ಕೆ ಎರಡು ಸಲವಾದರೂ ಡಿವಿಆರ್‌ನ ಫರ್ಮ್‌ವೇರ್ ಅಪ್‌ಡೇಟ್ ಐತೇನು ನೋಡಿಸಿ.
* ಪಿ2ಪಿ ಅಥವಾ ಟೇಲ್‌ಸ್ಕೇಲ್‌ನಿಂದ ಕೆಲಸ ಆಗತಿದ್ದರೆ ಪೋರ್ಟ್ ತೆರೆಯಲೇಬ್ಯಾಡ್ರಿ. ಹಿಂದೆ ತೆರೆದಿದ್ದರೆ ಮುಚ್ಚಿಸಿ.
* ರೂಟರ್‌ನಲ್ಲಿ ಡಿಎಂಜಡ್ ಅನ್ನೋದನ್ನ ಆನ್ ಮಾಡಿ ಸುಲಭ ಆತು ಅನ್ನೋರ ಮಾತು ಕೇಳಬ್ಯಾಡ್ರಿ. ಅದು ಮುಂಬಾಗಿಲು, ಹಿತ್ತಲ ಬಾಗಿಲು, ಕಿಟಕಿ ಎಲ್ಲಾ ತೆರೆದಿಟ್ಟಂಗ. ಯುಪಿಎನ್‌ಪಿಯೂ ಬಂದ್ ಇರಲಿ.
* ಬಟ್ಟೆ ಹಾಕಿ ನೋಡುವ ಜಾಗ, ತಪಾಸಣೆ ಕೋಣೆ, ಮಲಗುವ ಕೋಣೆಯಲ್ಲಿ ಕ್ಯಾಮೆರಾ ಬ್ಯಾಡವೇ ಬ್ಯಾಡ.
* ಕೆಲಸ ಬಿಟ್ಟು ಹೋದವರ ಫೋನಿಗೆ ಕೊಟ್ಟ ಹಂಚಿಕೆಯನ್ನ ಅದೇ ದಿನ ತೆಗೆಯಿರಿ.

ಏನಾದರೂ ಅನಾಹುತ ಆದರೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸ್ಥಳೀಯ ಪೊಲೀಸ್ ಠಾಣೆಗೂ ತಿಳಿಸಿ.

ಕರೆಂಟ್ ಮತ್ತು ಅಪ್‌ಲೋಡ್: ಎರಡು ಸಣ್ಣ ಮಾತು

ಕರೆಂಟ್ ಹೋದಾಗಲೇ ತೊಂದರೆ ಶುರು ಅಂದಮೇಲೆ, ರೂಟರ್ ಮತ್ತು ಫೈಬರ್ ಬಾಕ್ಸ್‌ಗೆ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಹಾಕಿದರೆ ಅರ್ಧ ಕಾಟ ತಪ್ಪತೈತಿ. ಲೈನ್ ಕಟ್ ಆಗದಿದ್ದರೆ ನಂಬರೂ ಬದಲಾಗೋದು ಕಡಿಮೆ. ಮನೆಯ ಸರ್ವರ್ ಆದರೆ, ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗುವ ಸೆಟ್ಟಿಂಗ್ ಕಂಪ್ಯೂಟರ್‌ನ ಬಯಾಸ್‌ನಲ್ಲಿ ಇರತೈತಿ, ಹಾಕಿಡಿ. ಲ್ಯಾಪ್‌ಟಾಪ್ ಆದರೆ ಮುಚ್ಚಳ ಮುಚ್ಚಿದಾಗ ನಿದ್ದೆ ಹೋಗದಂಗ ಮಾಡಿ.

ಹೊರಗಿನಿಂದ ನೋಡುವಾಗ ಲೆಕ್ಕಕ್ಕೆ ಬರೋದು ನಿಮ್ಮ ಅಂಗಡಿಯ ಅಪ್‌ಲೋಡ್ ವೇಗ, ಡೌನ್‌ಲೋಡ್ ಅಲ್ಲ. ಒಂದು ಕ್ಯಾಮೆರಾದ ದೊಡ್ಡ ಚಿತ್ರಕ್ಕೆ 4 ಎಂಬಿಪಿಎಸ್ ಹಿಡಿದರೆ, ನಾಲ್ಕಕ್ಕೆ 16 ಬೇಕು. ಒಂದು ಕ್ಯಾಮೆರಾವನ್ನ ಹಿಂಗ ಒಂದು ತಾಸು ನೋಡಿದರೆ ಮೊಬೈಲ್‌ನಲ್ಲಿ ಸುಮಾರು 1.8 ಜಿಬಿ ಡೇಟಾ ಖಾಲಿ. ಅದೇ ಆ್ಯಪ್‌ನಲ್ಲಿ ಸಬ್ ಸ್ಟ್ರೀಮ್ ಅಂತ ಇರೋ ಸಣ್ಣ ಚಿತ್ರ ಆರಿಸಿದರೆ, 512 ಕೆಬಿಪಿಎಸ್ ಲೆಕ್ಕದಲ್ಲಿ ತಾಸಿಗೆ ಬರೀ 230 ಎಂಬಿ. ದಿನಾ ನೋಡೋಕೆ ಸಣ್ಣದು ಸಾಕು. ಮುಖ ಗುರುತಿಸಬೇಕು ಅಂದಾಗ ದೊಡ್ಡದು ಹಾಕ್ರಿ.

ಮೀಡಿಯಾ ಸರ್ವರ್ ಹಾಕೋರಿಗೆ ಇನ್ನೊಂದು ಮಾತು. ಪ್ಲೆಕ್ಸ್‌ನಲ್ಲಿ ಮನೆಯಿಂದ ಹೊರಗೆ ನಿಮ್ಮ ಸ್ವಂತ ವಿಡಿಯೊ ನೋಡೋಕೆ 2025ರ ಏಪ್ರಿಲ್ ಕೊನೆಯಿಂದ ರೊಕ್ಕ ಕಟ್ಟಬೇಕು. ಜೆಲ್ಲಿಫಿನ್ ಪೂರ್ತಿ ಪುಕ್ಕಟೆ. ಹೊಸದಾಗಿ ಮಾಡೋರು ಜೆಲ್ಲಿಫಿನ್ ಮತ್ತು ಟೇಲ್‌ಸ್ಕೇಲ್ ಜೋಡಿಯಿಂದ ಶುರು ಮಾಡೋದು ಒಳ್ಳೇದು.

ಕ್ಯಾಮೆರಾ ಹಾಕಿಸುವ ಮೊದಲು ಕೇಳಬೇಕಾದ ಐದು ಪ್ರಶ್ನೆ

1. ನನ್ನ ಕನೆಕ್ಷನ್ ಸಿಜಿನ್ಯಾಟ್ ಹೌದೋ ಅಲ್ಲೋ? ನನ್ನ ಎದುರಿಗೇ ತೋರಿಸ್ರಿ.
2. ಡಿವಿಆರ್ ಖಾತೆ ಯಾರ ಮೊಬೈಲ್ ನಂಬರಿಗೆ ಮಾಡತೀರಿ?
3. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ ನನ್ನ ಕೈಗೆ ಕೊಡತೀರೇನು?
4. ರೂಟರ್‌ನಲ್ಲಿ ಯಾವುದಾದರೂ ಪೋರ್ಟ್ ತೆರೆದೀರೇನು? ಯಾವುದು, ಯಾಕೆ?
5. ಹಾರ್ಡ್ ಡಿಸ್ಕ್‌ನಲ್ಲಿ ಎಷ್ಟು ದಿನದ ರೆಕಾರ್ಡ್ ಉಳೀತೈತಿ?

ಐದನೇ ಪ್ರಶ್ನೆಗೆ ಕಾನೂನಿನ ಕಾರಣವೂ ಐತಿ. ಹೆಚ್ಚು ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಹಾಕಿ 30 ದಿನದ ದೃಶ್ಯ ಉಳಿಸಿ ಇಡಬೇಕು ಅಂತ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ ಹೇಳತೈತಿ. ಕಲ್ಯಾಣ ಮಂಟಪ, ದೊಡ್ಡ ಮಳಿಗೆ, ಆಸ್ಪತ್ರೆಯವರು ತಮಗೆ ಇದು ಅನ್ವಯ ಆಗತೈತೋ ಇಲ್ಲೋ ಠಾಣೆಯಲ್ಲಿ ಕೇಳಿ ತಿಳಕೊಳ್ಳಬೇಕು. ನೆಟ್ ಇಲ್ಲದಾಗ, ಐಪಿ ಬದಲಾದಾಗ ಮೊಬೈಲ್‌ನಲ್ಲಿ ಕಾಣದಿದ್ದರೂ ಡಿಸ್ಕ್‌ನಲ್ಲಿ ರೆಕಾರ್ಡ್ ನಡೆದೇ ಇರತೈತಿ. ಹೊರಗಿಂದ ಕಾಣಂಗಿಲ್ಲ ಅಂತ ಡಿವಿಆರ್ ಆಫ್ ಮಾಡಿ ಆನ್ ಮಾಡೋ ಚಟ ಇದ್ದವರು ಅದನ್ನ ಬಿಡ್ರಿ, ಡಿಸ್ಕ್ ಹಾಳಾಗತೈತಿ.

ಒಟ್ಟಿನಲ್ಲಿ ಹೇಳೋದಾದರೆ: ಮೊದಲು ಪರೀಕ್ಷೆ. ನಂಬರ್ ಸ್ವಂತದ್ದಿದ್ದರೆ ಡಿಡಿಎನ್ಎಸ್ ನಡೀತೈತಿ. ಸಿಜಿನ್ಯಾಟ್ ಇದ್ದರೆ ಅಂಗಡಿ ಕ್ಯಾಮೆರಾಕ್ಕೆ ಕಂಪನಿಯ ಆ್ಯಪ್, ಮನೆಯ ಸರ್ವರ್‌ಗೆ ಟೇಲ್‌ಸ್ಕೇಲ್. ಯಾವುದೇ ಮಾಡಿದರೂ ಪಾಸ್‌ವರ್ಡ್ ನಿಮ್ಮದು, ಖಾತೆ ನಿಮ್ಮದು ಇರಲಿ. ರೂಟರ್ ಪುಟದ ವ್ಯಾನ್ ಐಪಿ ನೋಡೋಕೆ ಯಾರಿಗೂ ರೊಕ್ಕ ಕೊಡೋದು ಬ್ಯಾಡ, ಇವತ್ತು ಅಂಗಡಿ ಮುಚ್ಚೋದರೊಳಗೆ ನೀವೇ ನೋಡಬಹುದು.